ಪಂಪ್ ನಿಂತರೂ ಮ್ಯಾಗ್ನೆಟಿಕ್ ಫ್ಲೋ ಮೀಟರ್ ರೀಡಿಂಗ್ ನಿಲ್ಲುತ್ತಿಲ್ಲ, ಯಾಕೆ?

ಪ್ರಶ್ನೆ: ಸರ್, ನಮ್ಮ ಪ್ಲಾಂಟ್‌ನ ಕೊಳಚೆ ನೀರಿನ ಲೈನ್‌ನಲ್ಲಿ 100 ಮಿ.ಮೀ. ಮ್ಯಾಗ್ನೆಟಿಕ್ ಫ್ಲೋ ಮೀಟರ್ ಇದೆ. ಪಂಪ್ ನಿಲ್ಲಿಸಿದ ಮೇಲೂ ರೀಡಿಂಗ್ ಸುಮ್ನೆ ಏರುತ್ತದೆ, ಇಳಿಯುತ್ತದೆ. ಸೊನ್ನೆಗೆ ಬರುವುದೇ ಇಲ್ಲ. ಒಳಗೆ ತಿರುಗುವ ಭಾಗವೂ ಕಾಣಲಿಲ್ಲ. ಇದು ಅಳೆಯುವುದಾದರೂ ಹೇಗೆ? ಮೀಟರ್ ಬದಲಿಸಬೇಕಾ?

ಉತ್ತರ: ಬದಲಿಸಲು ಅವಸರ ಬೇಡ. ಪಂಪ್ ನಿಂತಾಗ ಮೀಟರ್ ಒಳಗೆ ನೀರು ತುಂಬಿಯೇ ಇರುತ್ತದಾ, ಅಥವಾ ಇಳಿದು ಹೋಗುತ್ತದಾ? ಮೊದಲು ಅದನ್ನು ನೋಡಿ.

ಮೀಟರಿನ ಕವಚದೊಳಗೆ, ಪೈಪಿಗೆ ಹೊರಗಿನಿಂದ ಎರಡು ಕಾಯಿಲ್ (ತಂತಿಯ ಸುರುಳಿ) ಇರುತ್ತವೆ. ಅವು ಹರಿವಿಗೆ ಅಡ್ಡವಾಗಿ ಕಾಂತಕ್ಷೇತ್ರ ಹುಟ್ಟಿಸುತ್ತವೆ. ವಿದ್ಯುತ್ ಹರಿಯಬಲ್ಲ ದ್ರವ ಅದರೊಳಗೆ ಹಾದು ಹೋದರೆ ದ್ರವದಲ್ಲೇ ವೋಲ್ಟೇಜ್ ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ಕಂಡುಕೊಂಡ ನಿಯಮ ಇದೇ. ಜನರೇಟರಿನಲ್ಲಿ ತಂತಿ ಓಡುತ್ತದೆ, ಇಲ್ಲಿ ತಂತಿಯ ಜಾಗದಲ್ಲಿ ನೀರು. ಪೈಪಿನ ಎಡಕ್ಕೂ ಬಲಕ್ಕೂ ನೀರಿಗೆ ತಾಗುವಂತೆ ಇರುವ ಎರಡು ಎಲೆಕ್ಟ್ರೋಡ್‌ಗಳು (ಲೋಹದ ತುದಿಗಳು) ಆ ವೋಲ್ಟೇಜನ್ನು ಹಿಡಿಯುತ್ತವೆ. ವೇಗ ಎರಡು ಪಟ್ಟಾದರೆ ವೋಲ್ಟೇಜೂ ಎರಡು ಪಟ್ಟು. ವೇಗವನ್ನು ಪೈಪಿನ ಒಳ ವಿಸ್ತೀರ್ಣದಿಂದ ಗುಣಿಸಿದರೆ ಹರಿವು ಸಿಕ್ಕಿತು.

ಆದರೆ ಈ ವೋಲ್ಟೇಜ್ ತೀರಾ ಚಿಕ್ಕದು. ನಿಮ್ಮ 100 ಮಿ.ಮೀ. ಪೈಪಿನಲ್ಲಿ ನೀರು ಸೆಕೆಂಡಿಗೆ 2 ಮೀಟರ್ ಓಡುತ್ತಿದೆ, ಕಾಂತಕ್ಷೇತ್ರ 5 ಮಿಲಿಟೆಸ್ಲಾ ಇದೆ ಎಂದುಕೊಳ್ಳಿ. ಸಿಗುವುದು 1 ಮಿಲಿವೋಲ್ಟ್. ಲೋಹ ಮತ್ತು ನೀರು ಸೇರುವ ಕಡೆ ರಾಸಾಯನಿಕವಾಗಿ ಹುಟ್ಟುವ ವೋಲ್ಟೇಜ್ ಇದಕ್ಕಿಂತ ಎಷ್ಟೋ ದೊಡ್ಡದಿರಬಹುದು. (1832ರಲ್ಲಿ ಫ್ಯಾರಡೆ ಲಂಡನ್ನಿನ ವಾಟರ್ಲೂ ಸೇತುವೆಯಿಂದ ಥೇಮ್ಸ್ ನದಿಗೆ ಲೋಹದ ತಟ್ಟೆಗಳನ್ನು ಇಳಿಸಿ, ಭೂಮಿಯ ಕಾಂತಕ್ಷೇತ್ರವನ್ನೇ ನಂಬಿ ಇದನ್ನು ಮಾಡಲು ಹೋದರು. ಕೆಲಸ ಮಾಡಲಿಲ್ಲ.) ಹಾಗಾಗಿ ಈಗಿನ ಮೀಟರುಗಳು ಸೆಕೆಂಡಿಗೆ ಹಲವು ಸಲ ಕಾಯಿಲ್ ಕರೆಂಟಿನ ದಿಕ್ಕು ಬದಲಿಸುತ್ತವೆ. ಹರಿವಿನ ಸಿಗ್ನಲ್ ಕೂಡ ಜೊತೆಗೇ ದಿಕ್ಕು ಬದಲಿಸುತ್ತದೆ, ರಾಸಾಯನಿಕ ವೋಲ್ಟೇಜ್ ಬದಲಾಗುವುದಿಲ್ಲ. ಒಂದು ದಿಕ್ಕಿನಲ್ಲಿ ಸಿಕ್ಕ ಅಳತೆಯಿಂದ ಇನ್ನೊಂದು ದಿಕ್ಕಿನದ್ದನ್ನು ಕಳೆದರೆ ಉಳಿಯುವುದು ಹರಿವಿನದ್ದೇ.

ಈಗ ನಿಮ್ಮ ತೊಂದರೆಗೆ ಬರೋಣ. ಎಲೆಕ್ಟ್ರೋಡಿಗೆ ನೀರು ತಾಗದಿದ್ದರೆ ಆ ಎರಡು ತುದಿಗಳು ಗಾಳಿಯಲ್ಲಿ ತೆರೆದಂತೆ. ಪಕ್ಕದ ಕೇಬಲ್, ಮೋಟಾರ್, ಎಲ್ಲದರ ವಿದ್ಯುತ್ ಗದ್ದಲವನ್ನೂ ಹೀರಿಕೊಂಡು ಮೀಟರ್ ಬಾಯಿಗೆ ಬಂದ ರೀಡಿಂಗ್ ಕೊಡುತ್ತದೆ.

ಪ್ರಶ್ನೆ: ಹೌದು ಸರ್, ನೀವು ಹೇಳಿದ ಹಾಗೇ ಇದೆ. ಮೀಟರ್ ದಾಟಿದ ಮೇಲೆ ಪೈಪ್ ಕೆಳಗಿಳಿದು ತೆರೆದ ಟ್ಯಾಂಕಿಗೆ ಬೀಳುತ್ತದೆ. ಪೈಪ್ ಪಿವಿಸಿಯದ್ದು.

ಉತ್ತರ: ಹಾಗಾದರೆ ಎರಡು ಕೆಲಸ ಇವೆ. ಮೀಟರನ್ನು ನೀರು ಮೇಲಕ್ಕೆ ಏರುವ ನೆಟ್ಟ ಪೈಪಿಗೆ ಸ್ಥಳಾಂತರಿಸಿ. ಅದಾಗದಿದ್ದರೆ ಪೈಪನ್ನು ಕೆಳಗಿಳಿಸಿ ಮತ್ತೆ ಮೇಲೆತ್ತಿ, ಆ ತಗ್ಗಿನಲ್ಲಿ ಕೂರಿಸಿ. ಅಲ್ಲಿ ನೀರು ಯಾವಾಗಲೂ ನಿಂತಿರುತ್ತದೆ. ಅಡ್ಡ ಪೈಪಾದರೆ ಎಲೆಕ್ಟ್ರೋಡ್‌ಗಳು ಮೇಲೆ ಕೆಳಗೆ ಬರದಂತೆ ನೋಡಿ. ಮೇಲೆ ಗಾಳಿಗುಳ್ಳೆ, ಕೆಳಗೆ ಕೆಸರು.

ಎರಡನೆಯ ಕೆಲಸ ಅರ್ತಿಂಗ್. ಪಿವಿಸಿ ಪೈಪಿನ ನೀರಿಗೆ ನೆಲದ ಸಂಪರ್ಕವೇ ಇಲ್ಲ. ಮೀಟರಿನ ಎರಡೂ ಕಡೆ ಫ್ಲೇಂಜ್ (ಪೈಪ್ ಜೋಡಿಸುವ ಬೋಲ್ಟಿನ ಬಿಲ್ಲೆ) ನಡುವೆ ಅರ್ತಿಂಗ್ ರಿಂಗ್ ಹಾಕಿ ಮೀಟರ್ ಬಾಡಿಗೆ ಜೋಡಿಸಿ. ರಿಂಗ್ ನೀರಿಗೆ ತಾಗಲೇಬೇಕು. ಫ್ಲೇಂಜಿನ ಹೊರಗೆ ಒಂದು ವೈರ್ ಸುತ್ತಿ ಆಯ್ತು ಅಂದುಕೊಳ್ಳುವವರು ಜಾಸ್ತಿ, ಅದರಿಂದ ಏನೂ ಉಪಯೋಗವಿಲ್ಲ.

ಇನ್ನೊಬ್ಬರ ಪ್ರಶ್ನೆ: ಇಷ್ಟೆಲ್ಲಾ ಯಾಕೆ ಸರ್? ಲೋ ಫ್ಲೋ ಕಟ್-ಆಫ್ (ಒಂದು ಮಿತಿಗಿಂತ ಕಡಿಮೆ ಹರಿವನ್ನು ಸೊನ್ನೆ ಎಂದು ತೋರಿಸುವ ಸೆಟ್ಟಿಂಗ್) ಸ್ವಲ್ಪ ಏರಿಸಿದರೆ ಡಿಸ್‌ಪ್ಲೇ ಸೊನ್ನೆ ತೋರಿಸುತ್ತದೆ ಅಲ್ವಾ?

ಉತ್ತರ: ತೋರಿಸುತ್ತದೆ, ಕಾಯಿಲೆ ಮಾತ್ರ ಹಾಗೇ ಉಳಿಯುತ್ತದೆ. ಪಂಪ್ ಓಡುವಾಗಲೂ ಪೈಪ್ ಪೂರ್ತಿ ತುಂಬದೆ ಹೋದರೆ ಏನಾಗುತ್ತದೆ ಯೋಚಿಸಿ. ಮೀಟರಿಗೆ ಗೊತ್ತಿರುವುದು ವೇಗ ಮಾತ್ರ. ಪೈಪ್ ತುಂಬಿದೆ ಎಂದುಕೊಂಡೇ ಲೆಕ್ಕ ಹಾಕುತ್ತದೆ. ಗಾಳಿಯನ್ನೂ ನೀರು ಎಂದೇ ಎಣಿಸಿ ಹೆಚ್ಚು ತೋರಿಸುತ್ತದೆ. ಪೈಪ್ ಖಾಲಿಯಾದರೆ ಎಚ್ಚರಿಸುವ ಎಂಪ್ಟಿ ಪೈಪ್ ಅಲಾರಂ ಇದ್ದರೆ ಅದನ್ನು ಆನ್ ಮಾಡಿ, ಅದು ಒಳ್ಳೆಯದು.

ಇನ್ನೊಬ್ಬರ ಪ್ರಶ್ನೆ: ಸರ್, ಇದೇ ಮೀಟರನ್ನು ಡೀಸೆಲ್ ಲೈನಿಗೂ, ಬಾಯ್ಲರಿನ ಡಿಎಂ ನೀರಿಗೂ (ಲವಣ ತೆಗೆದ ನೀರು) ಹಾಕಬಹುದಾ?

ಉತ್ತರ: ಡೀಸೆಲ್‌ಗೆ ಖಂಡಿತ ಇಲ್ಲ, ಅದರಲ್ಲಿ ವಿದ್ಯುತ್ ಹರಿಯುವುದಿಲ್ಲ. ಸಾಮಾನ್ಯ ಮೀಟರುಗಳಿಗೆ ಸೆಂಟಿಮೀಟರಿಗೆ ಕನಿಷ್ಠ 5 ಮೈಕ್ರೋಸೀಮನ್ಸ್ ವಾಹಕತೆ ಬೇಕು. ನಲ್ಲಿ ನೀರಿನಲ್ಲಿ ಇದು ನೂರರ ಲೆಕ್ಕದಲ್ಲಿರುತ್ತದೆ. ಚೆನ್ನಾಗಿ ಶುದ್ಧ ಮಾಡಿದ ಡಿಎಂ ನೀರಿನಲ್ಲಿ 1ಕ್ಕಿಂತಲೂ ಕಡಿಮೆ. ಎರಡಕ್ಕೂ ಕೊರಿಯೊಲಿಸ್ ಅಥವಾ ಅಲ್ಟ್ರಾಸಾನಿಕ್ ಮೀಟರ್ ನೋಡಿ, ಅವಕ್ಕೆ ದ್ರವದಲ್ಲಿ ವಿದ್ಯುತ್ ಹರಿಯಬೇಕಿಲ್ಲ. ಕೆಸರು, ಸ್ಲರಿ, ಆ್ಯಸಿಡ್ ಆದರೆ ಮಾತ್ರ ಮ್ಯಾಗ್ನೆಟಿಕ್ ಮೀಟರಿಗೆ ಸಾಟಿ ಕಡಿಮೆ, ಒಳಗೆ ಅಡ್ಡ ಸಿಗುವ ಭಾಗವೇ ಇಲ್ಲವಲ್ಲ. ಲೈನರ್ (ಮೀಟರ್ ಪೈಪಿನ ಒಳಪದರ) ಸರಿಯಾಗಿ ಆರಿಸಿ: ಉಜ್ಜುವ ಸ್ಲರಿಗೆ ರಬ್ಬರ್ ಅಥವಾ ಪಾಲಿಯುರೆಥೇನ್, ಆ್ಯಸಿಡ್‌ಗೆ ಪಿಟಿಎಫ್‌ಇ (ಟೆಫ್ಲಾನ್).

ಮೊದಲು ಕೇಳಿದವರು: ಮೀಟರ್ ಸ್ಥಳಾಂತರಿಸುತ್ತೇವೆ ಸರ್. ನೇರ ಪೈಪ್ ಎಷ್ಟು ಬಿಡಬೇಕು?

ಉತ್ತರ: ಕಂಪನಿಯ ಕೈಪಿಡಿ ಹೇಳಿದ್ದೇ ಅಂತಿಮ. ಸಾಮಾನ್ಯವಾಗಿ ಮೀಟರಿಗೆ ಮೊದಲು ವ್ಯಾಸದ 5 ಪಟ್ಟು, ನಂತರ 2ರಿಂದ 3 ಪಟ್ಟು. ನಿಮಗೆ ಮುಂಚೆ ಅರ್ಧ ಮೀಟರ್ ಆಯಿತು. ಹರಿವು ಹೊಂದಿಸುವ ವಾಲ್ವ್ ಮೀಟರಿನ ನಂತರವೇ ಇರಲಿ. ಕೂರಿಸಿದ ಮೇಲೆ ಪೈಪ್ ತುಂಬಿಸಿ, ವಾಲ್ವ್ ಮುಚ್ಚಿ, ನೀರು ನಿಂತಾಗ ಸೊನ್ನೆ ಬರುತ್ತದಾ ನೋಡಿ. ಆಗಲೂ ರೀಡಿಂಗ್ ಅಲುಗಾಡಿದರೆ ಕಾಯಿಲ್ ರೆಸಿಸ್ಟೆನ್ಸ್ ಅಳೆದು, ಬಂದ ಅಂಕಿಯನ್ನು ಇಲ್ಲೇ ಬರೆದು ಹಾಕಿ.