ದಾಳ ಸೋತಿತು, ತನಿಖೆ ನಿಂತಿತು: ಕನ್ನಂಬಾಡಿ ಕಥೆಯನ್ನು ಮುಂದುವರಿಸುವುದು ಹೇಗೆ?

ಹಿನ್ನೀರು_ಮೈಸೂರು:
ಸರಸ್ವತಿಪುರಂನ ನಮ್ಮ ಮನೆಯ ಮಹಡಿಯಲ್ಲಿ ಐವರು ಗೆಳೆಯರಿಗೆ ಕಾಲ್ ಆಫ್ ಕ್ತುಲ್ಹು ಆಡಿಸುತ್ತಿದ್ದೇನೆ; ಆಟಗಾರರು ಪತ್ತೇದಾರರ ಪಾತ್ರ ವಹಿಸಿ, ದಾಳ ಹಾಕುತ್ತ ಆಡುವ ಭಯದ ಕಥೆಯಾಟವಿದು. ಕಥೆ 1924ರದು. ಕಟ್ಟೆಯ ಕೆಲಸ ನಡೆದಿರುವಾಗ, ಮುಳುಗಲಿರುವ ಕನ್ನಂಬಾಡಿಯಲ್ಲಿ ಕೂಲಿಯಾಳುಗಳು ಒಬ್ಬೊಬ್ಬರಾಗಿ ಕಾಣೆಯಾಗುತ್ತಾರೆ. ಶಾನುಭೋಗರ ದಿನಚರಿ ಸಿಕ್ಕರೆ ಮಾತ್ರ ಮುಂದಿನ ದಾರಿ ತೆರೆಯುತ್ತದೆ. ಸ್ಪಾಟ್ ಹಿಡನ್, ಅಂದರೆ ಅಡಗಿದ್ದನ್ನು ಪತ್ತೆಹಚ್ಚುವ ಕೌಶಲದ ದಾಳದಲ್ಲಿ ಸೋತ ಮೇಲೆ ಆಟಗಾರರು ಎರಡು ಗಂಟೆ ಅದೇ ತೊಟ್ಟಿಮನೆಯನ್ನು ಸುತ್ತಿದರು. ಕೊನೆಗೆ ಒಬ್ಬರು ಮೊಬೈಲ್ ನೋಡುತ್ತ ಕುಳಿತರು. ಮೂರು ವಾರ ಕುಳಿತು ಬರೆದದ್ದು ಹೀಗಾಯಿತಲ್ಲ ಎಂದು ಬೇಸರವಾಗಿದೆ. ದಯವಿಟ್ಟು ಪರಿಹಾರ ತಿಳಿಸಿ.

ದೀಪ_ಆರಿಸಿ:
ಟ್ಯೂಬ್‌ಲೈಟ್ ಉರಿಯುತ್ತಿತ್ತೇ? ಬೆಳಕಿದ್ದರೆ ಭಯ ಹುಟ್ಟುವುದಿಲ್ಲ, ಭಯವಿಲ್ಲದ ಆಟಗಾರ ಹುಡುಕುವುದಿಲ್ಲ. ಒಂದು ಎಣ್ಣೆದೀಪ ಸಾಕು.

ಮಂಡ್ಯ_ಹತ್ತುಮುಖ:
ದೀಪಕ್ಕೂ ಇದಕ್ಕೂ ಸಂಬಂಧವಿಲ್ಲ. ದಾಳವನ್ನು ಪುಶ್ ಮಾಡಲು, ಅಂದರೆ ಸೋತ ದಾಳವನ್ನು ಇನ್ನೊಮ್ಮೆ ಹಾಕಲು ಬಿಡಿ. ಆಟಗಾರ ಹೊಸದಾಗಿ ಏನು ಮಾಡುತ್ತಾನೆಂದು ಹೇಳಲಿ, ಮತ್ತೆ ಸೋತರೆ ಏನಾಗಬಹುದೆಂದು ನೀವು ಸೂಚಿಸಿ. ಎರಡನೆಯ ಸೋಲೂ ಕಥೆಯನ್ನು ಎತ್ತಲಾದರೂ ತಳ್ಳುತ್ತದೆ.

ಒಂಟಿಕೊಪ್ಪಲು_ರಾತ್ರಿ:
ನಾನು ಬೀಟೆಯ ಮೇಜಿನ ಮೇಲೆ, ಚನ್ನಪಟ್ಟಣದಲ್ಲಿ ಕಡೆಸಿದ ಮರದ ತಟ್ಟೆಯಲ್ಲಿ ದಾಳ ಹಾಕಿಸುತ್ತೇನೆ. ನಮ್ಮಲ್ಲಿ ಯಾರೂ ಮೊಬೈಲ್ ಮುಟ್ಟುವುದಿಲ್ಲ.

ದೀಪ_ಆರಿಸಿ:
ಎಣ್ಣೆದೀಪವೆಂದರೆ ಆ ಕಾಲಕ್ಕೂ ಒಪ್ಪುತ್ತದೆ. ಆಗ ನಮ್ಮ ಸೀಮೆಯಲ್ಲಿ ವಿದ್ಯುತ್ತೇ ಇರಲಿಲ್ಲ.

ಮಂಡ್ಯ_ಹತ್ತುಮುಖ:
ಶಿವನಸಮುದ್ರದಿಂದ ಕೋಲಾರದ ಗಣಿಗೆ ವಿದ್ಯುತ್ತು ಹೋದದ್ದು 1902ರಲ್ಲಿ. ಹಳ್ಳಿಗಳಲ್ಲಿ ಇರಲಿಲ್ಲವೆಂದರೆ ಒಪ್ಪೋಣ, ಸೀಮೆಯಲ್ಲೇ ಇರಲಿಲ್ಲ ಎನ್ನಬೇಡಿ.

ಹಿನ್ನೀರು_ಮೈಸೂರು:
ಪುಶ್ ಎಂಬ ನಿಯಮ ನನ್ನ ಪುಸ್ತಕದಲ್ಲಿ ಕಾಣುತ್ತಿಲ್ಲ. ನನ್ನದು ಆರನೆಯ ಆವೃತ್ತಿ. ಯಾರೂ ಸ್ಪಾಟ್ ಹಿಡನ್‌ಗೆ ಅಂಕ ಹಾಕಿರಲಿಲ್ಲ, ಎಲ್ಲರಿಗೂ ಮೂಲದ 25 ಮಾತ್ರ, ಅಂದರೆ ಗೆಲ್ಲುವ ಸಾಧ್ಯತೆ ನೂರಕ್ಕೆ 25. ಒಬ್ಬರಿಗಷ್ಟೇ ದಾಳ ಹಾಕಲು ಬಿಟ್ಟೆ.

ಮಂಡ್ಯ_ಹತ್ತುಮುಖ:
ಪುಶ್ ಬಂದದ್ದು ಏಳನೆಯ ಆವೃತ್ತಿಯಲ್ಲಿ. ಇದನ್ನು ಮೊದಲೇ ಹೇಳಬಾರದಿತ್ತೇ ಸ್ವಾಮಿ? ಅಂದರೆ ನಾಲ್ಕರಲ್ಲಿ ಮೂರು ಸಲ ಕಥೆ ನಿಲ್ಲುವಂತೆ ನೀವೇ ಬರೆದಿದ್ದೀರಿ. ಐವರೂ ಹಾಕಿದ್ದರೆ ಒಬ್ಬರಾದರೂ ಗೆಲ್ಲುವ ಸಾಧ್ಯತೆ ಶೇಕಡಾ 76 ಇರುತ್ತಿತ್ತು, ಆದರೂ ಅದು ಸರಿಯಾದ ದಾರಿಯಲ್ಲ.

ಕಥೆ ಮುಂದೆ ಹೋಗಲು ಬೇಕೇಬೇಕಾದ ಸುಳಿವಿಗೆ ದಾಳವನ್ನೇ ಕೇಳಬೇಡಿ. ಪತ್ತೇದಾರಿ ಕಥೆಯಾಟಗಳಿಗೆಂದೇ ಇರುವ ಗಮ್‌ಶೂ ನಿಯಮಾವಳಿ ನಿಂತಿರುವುದೇ ಈ ಮಾತಿನ ಮೇಲೆ: ಸರಿಯಾದ ಜಾಗದಲ್ಲಿ, ಸರಿಯಾದ ಕೌಶಲವಿರುವವನು ಹುಡುಕಿದರೆ ಮುಖ್ಯ ಸುಳಿವು ಸಿಕ್ಕೇ ಸಿಗುತ್ತದೆ. ನಿಮ್ಮ ಆಟದಲ್ಲಿ ದಾಳದಿಂದ ಬೆಲೆಯನ್ನು ಮಾತ್ರ ನಿರ್ಧರಿಸಿ. ಸೋತರೂ ದಿನಚರಿ ಸಿಗಲಿ, ಆದರೆ ಅದನ್ನು ಓದುವಷ್ಟರಲ್ಲಿ ಕತ್ತಲಾಗಲಿ, ಹೊಸ್ತಿಲಿನ ಮೇಲೆ ಒದ್ದೆ ಹೆಜ್ಜೆಯೊಂದು ಮೂಡಿರಲಿ. ಜೊತೆಗೆ ಅದೇ ಸಂಗತಿಯನ್ನು ಇನ್ನೆರಡು ಕಡೆ ಇಡಿ. ಗುತ್ತಿಗೆದಾರನ ಹಾಜರಿ ಪುಸ್ತಕದಲ್ಲಿ, ಸತ್ತ ಆಳು ಸತ್ತ ಮರುವಾರವೂ ಹೆಬ್ಬೆಟ್ಟು ಒತ್ತಿ ಕೂಲಿ ಪಡೆದಿದ್ದಾನೆ ಎಂದಿಟ್ಟುಕೊಳ್ಳಿ. ಅದನ್ನು ಓದಿದವರು ಯಾರ ಬಳಿ ಹೋಗಬೇಕೆಂದು ನಿಮ್ಮನ್ನು ಕೇಳುವುದಿಲ್ಲ.

ದೀಪ_ಆರಿಸಿ:
ಆ ಹೆಬ್ಬೆಟ್ಟಿನ ಪುಟವನ್ನು ದೀಪದ ಬೆಳಕಿನಲ್ಲಿ ಕೊಟ್ಟು ನೋಡಿ.

ಹಿನ್ನೀರು_ಮೈಸೂರು:
ಹಾಜರಿ ಪುಸ್ತಕ ಬಹಳ ಹಿಡಿಸಿತು. ಒಂದು ವಿಷಯ ಹೇಳುವುದು ಉಳಿದಿತ್ತು: ದಿನಚರಿ ಇದ್ದದ್ದು ಕಣಜದಲ್ಲಿ, ಸೆಷನ್‌ನ ಕೊನೆಯಲ್ಲಿ ಬೇಸತ್ತ ಆಟಗಾರರು ಆ ಕಣಜಕ್ಕೆ ಬೆಂಕಿ ಇಟ್ಟಿದ್ದಾರೆ.

ಮಂಡ್ಯ_ಹತ್ತುಮುಖ:
ಇದನ್ನಲ್ಲವೇ ಮೊದಲ ಸಾಲಿನಲ್ಲೇ ಬರೆಯಬೇಕಾದದ್ದು! ಹಾಗಾದರೆ ದಿನಚರಿಯ ಆಸೆ ಬಿಡಿ. ಬೆಂಕಿ ಆರಿಸಲು ಊರವರೆಲ್ಲ ನದಿಯಿಂದ ಕೊಡ ಹೊತ್ತು ಬರಲಿ, ಆ ಸಾಲಿನ ಕೊನೆಯಲ್ಲಿ ಸತ್ತನೆಂದು ಬರೆದಿರುವ ಆ ಕೂಲಿಯಾಳೂ ಇರಲಿ. ಅವನನ್ನು ಗುರುತಿಸಲು ಮಾತ್ರ ದಾಳ ಹಾಕಿಸಬೇಡಿ.