ಮಳೆಗಾಲದ ಮುಗ್ಗಲು ವಾಸನೆಗೆ ಓಝೋನ್ ಮಷಿನ್ ಇಡ್ಬೋದಾ?

ತೀರ್ಥಹಳ್ಳಿ_ಹುಡ್ಗ:
ನಮ್ದು ಹಳೇ ಹೆಂಚಿನ ಮನೆ, ಮಳೆ ಹಿಡ್ಕೊಂಡ್ರೆ ಬೀರು ಒಳ್ಗಿನ ಬಟ್ಟೆ, ಚಪ್ಪಲಿ, ಗೋಡೆ ಮೇಲಿನ ಅಜ್ಜನ ಫೋಟೋ ಎಲ್ಲಾ ಬೂಷ್ಟು. ಆನ್‌ಲೈನಲ್ಲಿ ಏರ್ ಪ್ಯೂರಿಫೈಯರ್ ಅಂತ ಒಂದು ತರ್ಸ್ದೆ, ಓಝೋನ್ ಬಿಡತ್ತಂತೆ. ಎರಡ್ ರಾತ್ರಿ ಹಾಕ್ಕೊಂಡೇ ಮಲಗಿದ್ವಿ, ವಾಸನೆ ಏನೋ ಹೋಯ್ತು, ಆದ್ರೆ ಅಮ್ಮಂಗೆ ಮೊದ್ಲೇ ಉಬ್ಬಸ, ಈಗ ಬೆಳಗಿನ ಜಾವ ಒಣ ಕೆಮ್ಮು ಬೇರೆ, ನಂಗೂ ಗಂಟ್ಲು ಕೆರೆತ. ಡಬ್ಬದ ಮೇಲೆ ನೋಡಿದ್ರೆ 'ಶುದ್ಧ ಆಕ್ಸಿಜನ್' ಅಂತಿದೆ. ಇಟ್ಕೊಳ್ಲಾ, ವಾಪಸ್ ಕಳಿಸ್ಲಾ?

ಸಾಗರದ_ಜೆರಾಕ್ಸ್:
ಮೊದ್ಲು ಪ್ಲಗ್ ಕಿತ್ತಾಕಿ ಮಾರಾಯ್ರೆ. ನನ್ ಅಂಗಡೀಲಿ ಹಳೇ ಜೆರಾಕ್ಸ್ ಮಷಿನ್ ಇತ್ತು, ಪರೀಕ್ಷೆ ಟೈಮಲ್ಲಿ ಇಡೀ ದಿನ ಓಡಿದ್ರೆ ಸಿಡ್ಲು ಹೊಡೆದಾಗ ಬರತ್ತಲ್ಲ ಅಂಥದೇ ಘಾಟು, ಅದೇ ಓಝೋನ್. ಪಕ್ಕದಲ್ಲಿ ಬಂಡಲ್ಲಿಗೆ ಬಿಗಿದಿಟ್ಟ ರಬ್ಬರ್ ಬ್ಯಾಂಡ್ ಸಣ್ಣಗೆ ಬಿರುಕು ಬಿಟ್ಟು ತಾನಾಗೇ ತುಂಡಾಗ್ತಿತ್ತು.

ಹೋಂಸ್ಟೇ_ಭಟ್ರು:
ಅಷ್ಟೊಂದ್ ಹೆದ್ರಿಸ್ಬೇಡಿ, ನಾವು ಸಿಗರೇಟ್ ವಾಸನೆ ಹೊಡೆಯೋ ರೂಮಿಗೆ ಹಾಕ್ತೀವಲ್ಲ.

ಕೆಮಿಸ್ಟ್ರಿ_ಮೇಷ್ಟ್ರು:
ಭಟ್ರೇ, ನೀವು ಹಾಕೋದು ಖಾಲಿ ರೂಮಿಗೆ. ಟೈಮರ್ ಇಟ್ಟು, ಜನ, ನಾಯಿ ಬೆಕ್ಕು, ಗಿಡ ಎಲ್ಲಾ ಹೊರಗೆ ಹಾಕಿ ಬಾಗ್ಲು ಮುಚ್ಚಿ, ಆಮೇಲೆ ಕಿಟಕಿ ತೆಗೆದು ಗಾಳಿ ಆಡಿಸಿ ಘಾಟು ಪೂರ್ತಿ ಹೋದ್ಮೇಲೇ ಒಳಗೆ ಹೋಗ್ಬೇಕು. ಇವ್ರು ಅದ್ರ ಪಕ್ಕದಲ್ಲೇ ಮಲಗಿದಾರೆ!

ಆಕ್ಸಿಜನ್ನಲ್ಲಿ ಎರಡು ಪರಮಾಣು, ಓಝೋನಲ್ಲಿ ಮೂರು. ಆ ಮೂರ್ನೇದು ಸಿಕ್ಕಿದ್ದಕ್ಕೆಲ್ಲಾ ಅಂಟ್ಕೊಳತ್ತೆ, ಶ್ವಾಸಕೋಶದ ಒಳಪದರಕ್ಕೂ, ಉಬ್ಬಸ ಇದ್ದೋರಿಗಂತೂ ಇದು ಬೇಗ ಕೆರಳಿಸತ್ತೆ. ನಮ್ಮ ದೇಶದ 2009ರ ಗಾಳಿ ಮಾನದಂಡದಲ್ಲಿ 8 ಗಂಟೆ ಸರಾಸರಿಗೆ ಘನಮೀಟರಿಗೆ 100 ಮೈಕ್ರೋಗ್ರಾಂ ಮಿತಿ, ಅಂದ್ರೆ ಹತ್ತು ಲಕ್ಷ ಭಾಗ ಗಾಳೀಲಿ ಸುಮಾರು 0.05 ಭಾಗ (ಪಿಪಿಎಂ). ಬೂಷ್ಟು ಸಾಯ್ಬೇಕಾದ್ರೆ ಇಂಥ ಮಿತಿಗಿಂತ 5ರಿಂದ 10 ಪಟ್ಟು ಬೇಕು ಅಂತ ಅಮೆರಿಕದ ಪರಿಸರ ಸಂಸ್ಥೆ ಇಪಿಎ ಹೇಳತ್ತೆ. ಬೂಷ್ಟು ಸಾಯೋವಷ್ಟು ಬಿಟ್ರೆ ನಿಮಗೇ ಆಗಲ್ಲ, ನಿಮಗೆ ಆಗೋವಷ್ಟು ಬಿಟ್ರೆ ಬೂಷ್ಟಿಗೆ ಎಂಥದೂ ಆಗಲ್ಲ. ವಾಸನೆ ಹೋಯ್ತು ಅಂದ್ರಲ್ಲ, ಓಝೋನ್ ನಮ್ ಮೂಗನ್ನೇ ಮಂಕು ಮಾಡತ್ತೆ. ಅಂದಹಾಗೆ ನೆಲ ಒರೆಸೋದು ಯಾವ್ದ್ರಲ್ಲಿ?

ತೀರ್ಥಹಳ್ಳಿ_ಹುಡ್ಗ:
ನಿಂಬೆ ವಾಸನೆ ಲಿಕ್ವಿಡ್ ಸರ್, ಯಾಕೆ?

ಕೆಮಿಸ್ಟ್ರಿ_ಮೇಷ್ಟ್ರು:
ನಿಂಬೆ ವಾಸನೆಯ ಲಿಮೋನೀನ್ ಜೊತೆ ಓಝೋನ್ ಸೇರಿದ್ರೆ ಫಾರ್ಮಾಲ್ಡಿಹೈಡ್ ಹುಟ್ಟತ್ತೆ, ಲ್ಯಾಬಲ್ಲಿ ಕಪ್ಪೆ ಹಾಕಿಡ್ತಿದ್ದ ಫಾರ್ಮಲಿನ್ ಇದ್ಯಲ್ಲ, ಅದ್ರದ್ದೇ ಗ್ಯಾಸ್. ಮಷಿನ್ ಬೇಕೇ ಬೇಕಂದ್ರೆ ಓಝೋನ್ ಬಿಡದಿರೋ ಹೆಪಾ ಫಿಲ್ಟರಿಂದು (ತೀರಾ ಸಣ್ಣ ಕಣಾನೂ ಸೋಸೋದು) ತಗೊಳ್ಳಿ, ಅದೂ ಗಾಳೀಲಿ ಹಾರೋ ಬೂಷ್ಟಿನ ಕಣ ಹಿಡಿಯತ್ತೆ ಅಷ್ಟೇ, ಗೋಡೆ ಥಂಡಿ ಹಾಗೇ ಇರತ್ತೆ. ಬೀರು ಗೋಡೆಯಿಂದ ಒಂದ್ ಗೇಣು ಈಚೆ ಎಳೀರಿ, ಹೆಂಚು ಎಲ್ಲಿ ಸೋರ್ತಿದೆ ನೋಡಿ. ಅಮ್ಮನ್ನ ಇವತ್ತೇ ಡಾಕ್ಟರಿಗೆ ತೋರ್ಸಿ.

ತೀರ್ಥಹಳ್ಳಿ_ಹುಡ್ಗ:
ತೋರ್ಸ್ಕೊಂಡ್ ಬಂದ್ವಿ. ಮಷಿನ್ ಪ್ಯಾಕ್ ಆಯ್ತು. ಬೀರು ಎಳೆದ್ರೆ ಹಿಂದಿನ ಗೋಡೆ ಪೂರ್ತಿ ಹಸಿರು, ಮೇಲೆ ಎರಡು ಹೆಂಚು ಒಡ್ದಿದೆ. ಮಳೆ ಸ್ವಲ್ಪ ಹೊಳವಾದ್ರೆ ಹತ್ತಬೇಕು.