ಪಂಚಾಯ್ತಿ ಮುಂದೆ ಕಂಬ ಒಂದೇ, ಕೇಳುವ ಬಾವುಟ ನಾಲ್ಕು. ಕಾನೂನು ಏನಿದೆ?

ಕೇಳಿದವರು: ಲೈಬ್ರರಿ ಅಕ್ಕ, ಸಕಲೇಶಪುರ ತಾಲೂಕು

ಎಲ್ಲರಿಗೂ ನಮಸ್ಕಾರ. ನಾನು ಗ್ರಾಮ ಪಂಚಾಯ್ತಿಯ ಅರಿವು ಕೇಂದ್ರ ನೋಡಿಕೊಳ್ಳುತ್ತೇನೆ. ಅರಿವು ಕೇಂದ್ರ ಅಂದರೆ ಹಳೇ ಲೈಬ್ರರಿಯೇ. ಬೋರ್ಡು ಬದಲಾಗಿದೆ, ಎರಡು ಕಂಪ್ಯೂಟರ್ ಬಂದಿವೆ, ಅಷ್ಟೇ. ಪಂಚಾಯ್ತಿ ಆಫೀಸಿಗೂ ನಮಗೂ ನಡುವೆ ಒಂದು ಗೋಡೆ. ಕಿಟಕಿ ತೆಗೆದರೆ ಎದುರಿಗೇ ಬಾವುಟದ ಕಂಬ. ಈಗ ಆ ಕಂಬವೇ ತಲೆನೋವಾಗಿದೆ.

ದಿನಾ ಬೆಳಿಗ್ಗೆ ನಮ್ಮ ವಾಟರ್‌ಮನ್ ಅಣ್ಣ ಊರಿಗೆ ನೀರು ಬಿಟ್ಟು ಬಂದು ರಾಷ್ಟ್ರಧ್ವಜ ಏರಿಸುತ್ತಾರೆ, ಸಂಜೆ ಇಳಿಸುತ್ತಾರೆ. ಅದರ ಬಗ್ಗೆ ಯಾರದೂ ತಕರಾರಿಲ್ಲ. ಹೋದ ನವೆಂಬರ್ 1ಕ್ಕೆ ಆಟೋ ಸ್ಟ್ಯಾಂಡ್ ಹುಡುಗರು ಹಳದಿ ಕೆಂಪು ಬಾವುಟ ಹಿಡಿದು ಬಂದರು. "ಅಕ್ಕ, ಇವತ್ತೊಂದಿನ ಇದೇ ಹಗ್ಗಕ್ಕೆ ಕೆಳಗಡೆ ಕಟ್ಟುತ್ತೇವೆ" ಅಂದರು. ಪಿಡಿಒ ಊರಲ್ಲಿರಲಿಲ್ಲ. ಬೇಡ ಅನ್ನುವವರೂ ಇರಲಿಲ್ಲ. ಕಟ್ಟಿದರು. ನಾನೂ ಕಿಟಕಿಯಲ್ಲಿ ನಿಂತು ಚಪ್ಪಾಳೆ ತಟ್ಟಿದೆ, ಸುಳ್ಳು ಯಾಕೆ ಹೇಳಲಿ.

ಅಲ್ಲಿಂದ ಶುರುವಾಯಿತು. ಏಪ್ರಿಲ್ 14ಕ್ಕೆ ಅಂಬೇಡ್ಕರ್ ಜಯಂತಿ ಮಾಡುವವರು ನೀಲಿ ಬಾವುಟಕ್ಕೆ ಕೇಳಿದರು. ಜಾತ್ರೆ ಹೊತ್ತಿಗೆ ದೇವಸ್ಥಾನದ ಕಮಿಟಿಯವರು ಕೇಸರಿಗೆ ಕೇಳಿದರು. ರೈತ ಸಂಘದವರು ಹಸಿರಿಗೆ. ಎಲ್ಲರದೂ ಒಂದೇ ಮಾತು, "ಅವರಿಗೆ ಕೊಟ್ಟಿರಲ್ಲ, ನಮಗ್ಯಾಕಿಲ್ಲ?" ಈಗ ವಿಷಯ ಸಾಮಾನ್ಯ ಸಭೆಗೆ ಬಂದಿದೆ. ಅಧ್ಯಕ್ಷರು ನನ್ನ ಹತ್ತಿರ ಬಂದು "ಪುಸ್ತಕದ ಮಧ್ಯೆ ಕೂತಿರೋರು ನೀವು, ಕಾನೂನು ಏನಿದೆ ಒಂದು ಪುಟ ಬರೆದುಕೊಡಿ ಮೇಡಂ" ಅಂದುಬಿಟ್ಟರು. ನನ್ನ ಕಪಾಟಿನಲ್ಲಿ ಇರುವುದು ಕಾದಂಬರಿ, ಮಕ್ಕಳ ಕತೆ, ಎಫ್‌ಡಿಎ ಪರೀಕ್ಷೆ ಗೈಡು.

ಇನ್ನೊಂದು ವಿಷಯ. ನಮ್ಮ ಕಡೆ ಜೂನ್‌ನಲ್ಲಿ ಹಿಡಿದ ಮಳೆ ಆಗಸ್ಟ್ ಆದರೂ ಬಿಡುವುದಿಲ್ಲ, ನಿಮಗೆ ಗೊತ್ತಲ್ಲ. ಬಾವುಟ ನೆನೆದು ಮುದ್ದೆಯಾಗಿ ಕಂಬಕ್ಕೆ ಅಂಟಿಕೊಂಡಿರುತ್ತದೆ. ವಾಟರ್‌ಮನ್ ಅಣ್ಣ ಸಂಜೆ ಅದನ್ನು ಮನೆಗೆ ಒಯ್ದು ಬಚ್ಚಲ ಒಲೆಯ ಮೇಲಿನ ತಂತಿಗೆ ಹಾಕಿ ಒಣಗಿಸುತ್ತಾರೆ. ಬಿಳಿ ಪಟ್ಟಿ ಹೊಗೆ ಹಿಡಿದು ಕಾಫಿ ಸೋಸುವ ಬಟ್ಟೆಯ ಬಣ್ಣಕ್ಕೆ ಬಂದಿದೆ. ಹಸಿರು ಪಟ್ಟಿಯ ತುದಿ ಪಿಸಿದು ದಾರ ನೇತಾಡುತ್ತಿದೆ. ಮಳೆಯಲ್ಲೂ ಹಾರಿಸಲೇಬೇಕಾ? ಹರಿದದ್ದನ್ನು ಏನು ಮಾಡಬೇಕು?

ಉತ್ತರ: ರಿಟೈರ್ಡ್ ಮೇಷ್ಟ್ರು, ಅರಸೀಕೆರೆ

ತಾಯಿ, ಎನ್‌ಸಿಸಿ ನೋಡಿಕೊಳ್ಳುತ್ತಿದ್ದವನು ನಾನು, ಈ ವಿಷಯಕ್ಕೆ ಬಾಯಿ ಹಾಕದೆ ಇರಲಾರೆ.

ಮೊದಲು ಹಗ್ಗದ ಮಾತು. 2002ರ ಜನವರಿ 26ರಿಂದ ಜಾರಿಯಲ್ಲಿರುವ ಭಾರತದ ಧ್ವಜ ಸಂಹಿತೆ ಇದನ್ನು ಬಿಡಿಸಿ ಹೇಳಿದೆ. ರಾಷ್ಟ್ರಧ್ವಜ ಇರುವ ಕಂಬದಲ್ಲಿ ಅದೇ ಹೊತ್ತಿಗೆ ಬೇರೆ ಯಾವ ಬಾವುಟವೂ ಇರಬಾರದು. ಕೆಳಗೆ ಕಟ್ಟಿದೆವು, ಚಿಕ್ಕದು ಕಟ್ಟಿದೆವು ಅನ್ನುವ ವಿನಾಯಿತಿ ಇಲ್ಲ. ಅದಕ್ಕಿಂತ ಎತ್ತರದಲ್ಲಿ ಬೇಡ, ಪಕ್ಕಕ್ಕೆ ಸರಿಸಮನಾಗಿಯೂ ಬೇಡ. ಕಂಬದ ತುದಿಗೆ ಹೂವಿನ ಹಾರ ಹಾಕುವಂತೆಯೂ ಇಲ್ಲ. ಬಾವುಟದೊಳಗೆ ಹೂವಿನ ಎಸಳು ಇಟ್ಟು ಬಿಚ್ಚುತ್ತಾರಲ್ಲ, ಅದಕ್ಕೆ ಮಾತ್ರ ಅವಕಾಶ ಇದೆ. ನವೆಂಬರ್ 1ಕ್ಕೆ ನಿಮ್ಮಲ್ಲಿ ಆದದ್ದು ತಪ್ಪೇ. ಚಪ್ಪಾಳೆ ತಟ್ಟಿದ್ದಕ್ಕೆ ಕೇಸಿಲ್ಲ ಬಿಡಿ.

ಮಳೆ ವಿಷಯದಲ್ಲಿ ನಿಮ್ಮ ಅದೃಷ್ಟ ಚೆನ್ನಾಗಿಲ್ಲ. ಬಾವುಟ ಹಾರಿಸುವ ರೂಢಿ ಇರುವ ಸರ್ಕಾರಿ ಕಟ್ಟಡದಲ್ಲಿ ಭಾನುವಾರ, ಹಬ್ಬ ಅನ್ನದೆ ಎಲ್ಲಾ ದಿನ ಹಾರಿಸಬೇಕು, ಸೂರ್ಯ ಹುಟ್ಟಿದಾಗಿನಿಂದ ಮುಳುಗುವವರೆಗೆ, ಹವಾಮಾನ ಹೇಗೇ ಇರಲಿ. ಬರೆದವರು ಸಕಲೇಶಪುರದ ಮಳೆಗಾಲ ನೋಡಿರಲಿಕ್ಕಿಲ್ಲ. 2022ರ ಜುಲೈನಲ್ಲಿ "ಹಗಲು ರಾತ್ರಿ ಹಾರಿಸಬಹುದು" ಅಂತ ತಿದ್ದುಪಡಿ ಬಂತಲ್ಲ, ಅದು ಜನಸಾಮಾನ್ಯರ ಮನೆಗೆ. ಆಫೀಸಿನವರು ಅದನ್ನೇ ನೆಪ ಮಾಡಿಕೊಂಡು ರಾತ್ರಿಯೆಲ್ಲಾ ಬಿಟ್ಟರೆ ತಪ್ಪು.

ಹರಿದ ಬಾವುಟ, ಕೊಳೆಯಾದ ಬಾವುಟ ಹಾರಿಸಬಾರದು. ಅದನ್ನು ಕಸಕ್ಕೆ ಹಾಕಬಾರದು, ಒರೆಸುವ ಬಟ್ಟೆ ಮಾಡಬಾರದು. ಖಾಸಗಿಯಾಗಿ, ಪೂರ್ತಿ ಬಾವುಟವನ್ನು ಒಟ್ಟಿಗೆ, ಗೌರವದಿಂದ ಸುಡುವುದು ಒಳ್ಳೆಯದು ಅಂತ ಸಂಹಿತೆಯೇ ಹೇಳುತ್ತದೆ. ಹರಿದು ತುಂಡು ಮಾಡುವಂತಿಲ್ಲ. ಜನ ಸೇರಿಸಿ ಫೋಟೋ ಹೊಡೆಸಿಕೊಳ್ಳುವುದಂತೂ ಬೇಡವೇ ಬೇಡ. 1971ರ ರಾಷ್ಟ್ರ ಗೌರವ ಕಾಯ್ದೆಯಲ್ಲಿ ಬಾವುಟಕ್ಕೆ ಅವಮಾನ ಮಾಡಿದರೆ 3 ವರ್ಷದವರೆಗೆ ಜೈಲು ಇದೆ. ಸದುದ್ದೇಶದಿಂದ ಸುಟ್ಟದ್ದನ್ನು ಯಾರೋ ವಿಡಿಯೋ ಮಾಡಿ ಹರಿಬಿಟ್ಟರೆ ನಿಮ್ಮ ವಾಟರ್‌ಮನ್ ಠಾಣೆ ಮೆಟ್ಟಿಲು ಹತ್ತಬೇಕಾದೀತು.

ಹೊಸದು ಖಾದಿಯದೇ ತನ್ನಿ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಹೊಲಿದದ್ದು ಸಿಕ್ಕರೆ ಬೇರೆ ನೋಡಲೇಬೇಡಿ. 3 ಅಡಿ ಉದ್ದ, 2 ಅಡಿ ಅಗಲದ್ದು ಸಾಕು. ಯಾವ ಅಳತೆಯಾದರೂ 3ಕ್ಕೆ 2ರ ಲೆಕ್ಕ ತಪ್ಪಬಾರದು.

ಉತ್ತರ: ಬೇಲೂರು ಆಟೋ

ಮೇಷ್ಟ್ರೇ, ಗೌರವ ಇಟ್ಟುಕೊಂಡೇ ಕೇಳುತ್ತೇನೆ. ಕನ್ನಡ ಬಾವುಟವನ್ನು ಬೇರೆ ಸಂಘದ ಬಾವುಟಗಳ ಜೊತೆ ಒಂದೇ ತಕ್ಕಡಿಗೆ ಹಾಕೋದಾ? ಅದು ನಾಡಿನದು. ನನ್ನ ಗಾಡಿ ಮೇಲೆ ವರ್ಷಪೂರ್ತಿ ಇರುತ್ತದೆ. ಪಂಚಾಯ್ತಿ ಕನ್ನಡನಾಡಿನದ್ದಲ್ವಾ?

ಉತ್ತರ: ರಿಟೈರ್ಡ್ ಮೇಷ್ಟ್ರು, ಅರಸೀಕೆರೆ

ನಿಮ್ಮ ಗಾಡಿ ನಿಮ್ಮದು ತಮ್ಮಾ, ಅಲ್ಲಿ ಯಾರೂ ಕೇಳುವುದಿಲ್ಲ. ಪಂಚಾಯ್ತಿ ಕಂಬ ಸರ್ಕಾರದ್ದು, ತೊಡಕು ಅಲ್ಲಿರುವುದು. ಮ. ರಾಮಮೂರ್ತಿಯವರು 1960ರ ದಶಕದಲ್ಲಿ ರೂಪಿಸಿದ ಹಳದಿ ಕೆಂಪು ಬಾವುಟವನ್ನು ನಾವೆಲ್ಲ ಎದೆಯಲ್ಲಿಟ್ಟುಕೊಂಡಿದ್ದೇವೆ. ಆದರೆ ಕಾಗದದ ಮೇಲೆ ಅದಕ್ಕೆ ಅಧಿಕೃತ ಸ್ಥಾನ ಇಲ್ಲ. 2012ರಲ್ಲಿ ರಾಜ್ಯೋತ್ಸವಕ್ಕೆ ಸರ್ಕಾರಿ ಕಟ್ಟಡಗಳ ಮೇಲೆ ಹಾರಿಸಬೇಕು ಅಂತ ರಾಜ್ಯ ಸರ್ಕಾರವೇ ಹೊರಟಿತ್ತು. ವಿಷಯ ಹೈಕೋರ್ಟಿಗೆ ಹೋಯಿತು, ಸರ್ಕಾರ ಸುತ್ತೋಲೆ ಹಿಂದಕ್ಕೆ ತೆಗೆದುಕೊಂಡಿತು. 2017ರಲ್ಲಿ ಸಮಿತಿ ಮಾಡಿದರು. 2018ರ ಮಾರ್ಚ್ 8ರಂದು ಸಿದ್ದರಾಮಯ್ಯನವರು ಹಳದಿ, ಬಿಳಿ, ಕೆಂಪು ಪಟ್ಟಿಯ ನಡುವೆ ಗಂಡಭೇರುಂಡ ಇರುವ ಹೊಸ ಬಾವುಟ ತೋರಿಸಿ ಕೇಂದ್ರಕ್ಕೆ ಕಳಿಸಿದರು. ಅದು ಅಲ್ಲೇ ಕೂತಿದೆ. ರಾಜ್ಯಕ್ಕೆ ಬಾವುಟ ಇರಬಾರದು ಅಂತ ಸಂವಿಧಾನದಲ್ಲಿ ಬರೆದಿಲ್ಲ, ಇರಬೇಕು ಅಂತಲೂ ಬರೆದಿಲ್ಲ. ನಡುವೆ ನೇತಾಡುತ್ತಿದ್ದೇವೆ. ನನಗೂ ಬೇಜಾರಿದೆ.

ಉತ್ತರ: ಕಂದಾಯದವನು, ಕಡೂರು

ಅಕ್ಕ, ನಾನು ಗ್ರಾಮ ಆಡಳಿತಾಧಿಕಾರಿ. ಬಾವುಟಕ್ಕಿಂತ ಜಾಸ್ತಿ ಕಂಬದ ಕಡೆ ಗಮನ ಕೊಡಿ. 2024ರ ಜನವರಿಯಲ್ಲಿ ಮಂಡ್ಯದ ಕೆರಗೋಡಿನಲ್ಲಿ ಆದದ್ದು ನೆನಪಿದೆಯಲ್ಲ? 108 ಅಡಿ ಕಂಬ. ರಾಷ್ಟ್ರಧ್ವಜ, ಕನ್ನಡ ಬಾವುಟಕ್ಕೆ ಅಂತ ಅನುಮತಿ ಆಗಿತ್ತು, ಏರಿದ್ದು ಹನುಮಧ್ವಜ. ಅಧಿಕಾರಿಗಳು ಇಳಿಸಿ ರಾಷ್ಟ್ರಧ್ವಜ ಏರಿಸಿದರು. ಆಮೇಲೆ ಲಾಠಿ, ಬಂದ್, ಪಾದಯಾತ್ರೆ ಎಲ್ಲಾ ಆಯಿತು. ಯಾರು ಸರಿ ಅನ್ನುವ ಜಗಳ ಇಲ್ಲಿ ಬೇಡ. ಕಂಬ ಊರುವ ದಿನವೇ ಯಾವ ಬಾವುಟಕ್ಕೆ ಅಂತ ಠರಾವಿನಲ್ಲಿ ಖಚಿತವಾಗಿ ಬರೆದಿರಬೇಕು, ಬರೆದದ್ದನ್ನು ಮೊದಲ ದಿನದಿಂದ ಪಾಲಿಸಬೇಕು ಅನ್ನುವುದಷ್ಟೇ ನನ್ನ ಮಾತು.

ಎಲೆಕ್ಷನ್ ಬಂದರೆ ಲೆಕ್ಕವೇ ಬೇರೆ. ವಿಧಾನಸಭೆ, ಲೋಕಸಭೆ ಚುನಾವಣೆ ಘೋಷಣೆ ಆದ 24 ಗಂಟೆಯೊಳಗೆ ಸರ್ಕಾರಿ ಆಫೀಸು, ಅದರ ಆವರಣದಲ್ಲಿರುವ ಪಕ್ಷದ ಬಾವುಟ, ಬ್ಯಾನರ್, ಗೋಡೆಬರಹ ಎಲ್ಲಾ ತೆಗೆಯಬೇಕು. ಬಸ್ ಸ್ಟ್ಯಾಂಡ್, ವಿದ್ಯುತ್ ಕಂಬದಂಥ ಸಾರ್ವಜನಿಕ ಜಾಗಕ್ಕೆ 48 ಗಂಟೆ. ಖಾಸಗಿ ಜಾಗದಲ್ಲಿ ಅನುಮತಿ ಇಲ್ಲದ್ದಕ್ಕೆ 72. ಒಂದು ಸಲ ರಾತ್ರಿ ಹನ್ನೊಂದಕ್ಕೆ ಟಾರ್ಚ್ ಹಿಡಿದು, ದೋಟಿಗೆ ಕುಡುಗೋಲು ಕಟ್ಟಿಕೊಂಡು ಆಲದ ಮರದಿಂದ ಬಾವುಟ ಇಳಿಸಿದ್ದೇನೆ. ಅಡಿಕೆ ಕೊಯ್ಯುವವರ ಹತ್ತಿರ ಸಾಲ ತಂದ ದೋಟಿ. ಬೆಳಿಗ್ಗೆ ಮೂರೂ ಪಕ್ಷದವರು ಫೋನ್ ಮಾಡಿ "ನಮ್ಮದನ್ನೇ ಮೊದಲು ಕಿತ್ತಿರಂತೆ" ಅಂತ ಬೈದರು.

ಉತ್ತರ: ಕೊಪ್ಪದವನು, ಈಗ ಬಾಸ್ಟನ್

ಅಕ್ಕ, ನಿಮ್ಮ ಪಂಚಾಯ್ತಿಯ ಕತೆ ಇಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೆ ಹೋಗಿ ಬಂದಿದೆ, ನಗಬೇಡಿ. ಬಾಸ್ಟನ್ ಸಿಟಿ ಹಾಲ್ ಮುಂದೆ ಮೂರು ಕಂಬ ಇವೆ. ಒಂದು ದೇಶದ್ದು, ಒಂದು ರಾಜ್ಯದ್ದು. ಮೂರನೆಯದರಲ್ಲಿ ನಗರದ ಬಾವುಟ. ಆ ಮೂರನೆಯ ಕಂಬವನ್ನು ಸಂಘ ಸಂಸ್ಥೆಯವರು ಕೇಳಿದಾಗ ಒಂದೆರಡು ಗಂಟೆಗೆ ಬಿಟ್ಟುಕೊಡುತ್ತಿದ್ದರು. 2005ರಿಂದ 2017ರವರೆಗೆ 284 ಸಲ ಹೀಗೆ ಕೊಟ್ಟಿದ್ದರು, ಒಬ್ಬರಿಗೂ ಇಲ್ಲ ಅಂದಿರಲಿಲ್ಲ. 2017ರಲ್ಲಿ ಒಬ್ಬರು ಕ್ರೈಸ್ತ ಬಾವುಟ ತಂದಾಗ ಮೊದಲ ಸಲ ಆಗುವುದಿಲ್ಲ ಅಂದರು. 2022ರ ಮೇ 2ರಂದು ಒಂಬತ್ತೂ ನ್ಯಾಯಮೂರ್ತಿಗಳು ನಗರದ ವಿರುದ್ಧ ತೀರ್ಪು ಕೊಟ್ಟರು. ಇಷ್ಟು ವರ್ಷ ಏನನ್ನೂ ನೋಡದೆ ಎಲ್ಲರಿಗೂ ಕೊಟ್ಟಿದ್ದೀರಿ, ಹಾಗಾಗಿ ಅಲ್ಲಿ ಹಾರಿದ್ದು ಸರ್ಕಾರದ ಮಾತಲ್ಲ, ಜನರ ಮಾತು. ಧರ್ಮದ್ದು ಅನ್ನುವ ಕಾರಣಕ್ಕೆ ಒಬ್ಬರನ್ನು ಮಾತ್ರ ತಡೆಯುವಂತಿಲ್ಲ ಅಂದರು. ನಿಮ್ಮ ರೈತ ಸಂಘದವರು ಕೇಳಿದ್ದೂ ಹೆಚ್ಚುಕಡಿಮೆ ಇದೇ ಅಲ್ವಾ?

ಇಲ್ಲಿ ಯೂಟಾ ಅಂತ ಒಂದು ರಾಜ್ಯ. 2025ರಲ್ಲಿ ಪಟ್ಟಿಯಲ್ಲಿರುವ ಬಾವುಟ ಬಿಟ್ಟು ಬೇರೆ ಯಾವುದೂ ಸರ್ಕಾರಿ ಕಟ್ಟಡದ ಮೇಲೆ ಇರಬಾರದು ಅಂತ ಕಾನೂನು ಮಾಡಿದರು. ಕಾಮನಬಿಲ್ಲಿನ ಪ್ರೈಡ್ ಬಾವುಟ ಅದರಿಂದ ಹೊರಗುಳಿಯಿತು. ನಗರದ ಬಾವುಟಕ್ಕೆ ಪಟ್ಟಿಯಲ್ಲಿ ಜಾಗ ಇತ್ತು. ಸಾಲ್ಟ್ ಲೇಕ್ ಸಿಟಿಯವರು ಏನು ಮಾಡಿದರು ಗೊತ್ತಾ? ಕಾನೂನು ಜಾರಿಯಾಗುವ ಮುಂಚಿನ ದಿನ ಕಾಮನಬಿಲ್ಲಿನ ಬಣ್ಣಕ್ಕೆ ತಮ್ಮ ನಗರದ ಹೂವಿನ ಗುರುತು ಸೇರಿಸಿ, ಇದೂ ನಮ್ಮ ನಗರದ ಅಧಿಕೃತ ಬಾವುಟವೇ ಅಂತ ಠರಾವು ಮಾಡಿದರು. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ.

ಉತ್ತರ: ಲೈಬ್ರರಿ ಅಕ್ಕ, ಸಕಲೇಶಪುರ ತಾಲೂಕು

ಎಲ್ಲರಿಗೂ ಥ್ಯಾಂಕ್ಸ್. ಮೊನ್ನೆ ಸಭೆ ಆಯಿತು. ನಿಮ್ಮ ಮಾತುಗಳನ್ನೆಲ್ಲ ಸೇರಿಸಿ ಒಂದೂವರೆ ಪುಟ ಬರೆದು ಓದಿದೆ. ರಂಗೋಲಿ ಭಾಗ ಬಿಟ್ಟೆ, ಐಡಿಯಾ ಕೊಟ್ಟ ಹಾಗಾಗುತ್ತದೆ ಅಂತ.

ಆಫೀಸಿನ ಎದುರಿಗಿರುವ ಕಂಬ ರಾಷ್ಟ್ರಧ್ವಜಕ್ಕೆ ಮಾತ್ರ ಅಂತ ಠರಾವಾಯಿತು. ಆವರಣದಲ್ಲಿ ಯಾರಿಗೂ ಇನ್ನೊಂದು ಕಾಯಂ ಕಂಬ ಇಲ್ಲ. ನವೆಂಬರ್ 1ಕ್ಕೆ ವೇದಿಕೆ ಹತ್ತಿರ ಬಿದಿರಿನ ಗಳ ನೆಟ್ಟು ಕನ್ನಡ ಬಾವುಟ ಕಟ್ಟಿ, ಸಂಜೆ ಗಳ ಸಮೇತ ತೆಗೆಯಬೇಕು. ಆಗ ರೈತ ಸಂಘದವರೊಬ್ಬರು ಎದ್ದು, "ಅವರಿಗೆ ಗಳ ಇದ್ದರೆ ನಮಗೂ ಒಂದು ಗಳ ಇರಲಿ" ಅಂದರು. ನನಗೆ ಬಾಸ್ಟನ್ ನೆನಪಾಯಿತು. ರಾಜ್ಯೋತ್ಸವ ಪಂಚಾಯ್ತಿಯೇ ಮಾಡುವ ಕಾರ್ಯಕ್ರಮ, ಹಾಗೆಯೇ ಅಂಬೇಡ್ಕರ್ ಜಯಂತಿಯೂ. ಸಂಘದ ಕಾರ್ಯಕ್ರಮ ಸಂಘದ ಜಾಗದಲ್ಲಿ ಅಂತ ಪಿಡಿಒ ಹೇಳಿದರು. ಹಾಗಾದರೆ ಜಯಂತಿ ದಿನ ವೇದಿಕೆ ಹತ್ತಿರ ನೀಲಿಗೂ ಗಳ ಅಂತ ಬರೆಯಬೇಕಾಯಿತು, ಬರೆದೆವು. ರೈತ ಸಂಘದವರು ಪೂರ್ತಿ ಒಪ್ಪಲಿಲ್ಲ. ದೇವಸ್ಥಾನದವರು ಸುಮ್ನೆ ಎದ್ದು ಹೋದರು. ಜಾತ್ರೆಗೆ ಇನ್ನೂ ಎಂಟು ತಿಂಗಳಿದೆ.

ಹಳೇ ಬಾವುಟವನ್ನು ಶನಿವಾರ ಆಫೀಸು ಮುಚ್ಚಿದ ಮೇಲೆ ಲೈಬ್ರರಿ ಹಿಂದೆ ವಾಟರ್‌ಮನ್ ಅಣ್ಣ, ನಾನು, ಪಿಡಿಒ ಮೂವರೇ ನಿಂತು ಸುಟ್ಟೆವು. ಗೇಟಿಗೆ ಬೀಗ ಹಾಕಿ, ಫೋನು ಮೂರನ್ನೂ ಮೇಜಿನ ಮೇಲೆ ಇಟ್ಟು ಬಂದಿದ್ದೆವು. ಅಣ್ಣ ಚಪ್ಪಲಿ ಬಿಟ್ಟರು, ನಾವೂ ಬಿಟ್ಟೆವು. ನಾಲ್ಕು ಮಡಿಕೆ ಮಡಚಿ ಹೊಸ ಬಾಣಲೆಯಲ್ಲಿ ಇಟ್ಟರು. ಒದ್ದೆ ಗಾಳಿಗೆ ಬೇಗ ಹತ್ತಲಿಲ್ಲ, ಮೂರು ಕಡ್ಡಿ ಬೇಕಾಯಿತು. ಬೂದಿಯನ್ನು ಸಿಲ್ವರ್ ಓಕ್ ಮರದ ಬುಡದಲ್ಲಿ ಗುಂಡಿ ತೆಗೆದು ಹಾಕಿದರು.

ಹೊಸದು ಮೇಷ್ಟ್ರು ಹೇಳಿದ ಹಾಗೆ ಖಾದಿಯದೇ ತರಿಸಿದೆವು. ಆದರೆ ಅಣ್ಣನ ವಾದ ಬೇರೆ. "ಮೇಡಂ, ಮೇಷ್ಟ್ರು ಇರುವುದು ಅರಸೀಕೆರೆಯಲ್ಲಿ, ಅಲ್ಲಿ ಹಾಕಿದ್ದೆಲ್ಲ ಒಣಗುತ್ತದೆ" ಅಂದರು. 2021ರ ಡಿಸೆಂಬರ್ ತಿದ್ದುಪಡಿಯಿಂದ ಪಾಲಿಯೆಸ್ಟರ್ ಬಾವುಟಕ್ಕೂ ಒಪ್ಪಿಗೆ ಇದೆ ಅಂತ ನಾನೇ ಓದಿ ಹೇಳಿದ್ದೆ, ಅದನ್ನೇ ಹಿಡಿದುಕೊಂಡರು. ಅದೂ ಒಂದು ಬಂತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಾಲಿಯೆಸ್ಟರ್, ಅಕ್ಟೋಬರ್ ಬಂದಮೇಲೆ ಖಾದಿ. ಖಾದಿಯದು ಈಗ ನನ್ನ ಕಪಾಟಿನಲ್ಲಿ, ಎಫ್‌ಡಿಎ ಗೈಡುಗಳ ಮೇಲಿನ ಖಾನೆಯಲ್ಲಿ, ನುಸಿಗುಳಿಗೆ ಹಾಕಿ ಇಟ್ಟಿದ್ದೇನೆ.